ಪದಚರ್ಚೆ: ಆಲ್-ಮೌಂಟನ್, ಫ್ರೀರೈಡ್, ಟೂರಿಂಗ್ ಎಂಬ ಸ್ಕೀ ಹೆಸರುಗಳನ್ನು ಕನ್ನಡಿಸಬೇಕೆ?

ಮಾನ್ಯರೇ,

ಹಿಮದ ಮೇಲೆ ಜಾರುವ ಸ್ಕೀಗಳನ್ನು ಕೊಳ್ಳುವಾಗ ಏನೇನು ನೋಡಬೇಕೆಂದು ವಿವರಿಸುವ ಒಂದು ಸಣ್ಣ ಕನ್ನಡ ಕೈಪಿಡಿಯ ಕರಡು ತಿದ್ದುವುದಕ್ಕಾಗಿ ನನ್ನ ಬಳಿಗೆ ಬಂದಿದೆ. ಬರೆದವನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವನು ಚಳಿಗಾಲದಲ್ಲಿ ಗುಲ್ಮಾರ್ಗಕ್ಕೆ ಹೋಗುವ ತನ್ನ ಗೆಳೆಯರಿಗಾಗಿ ಇದನ್ನು ಸಿದ್ಧಪಡಿಸುತ್ತಿದ್ದಾನೆ. ಕಾಸರಗೋಡಿನ ಬದಿಯಡ್ಕದ ಸೆಕೆಯಲ್ಲಿ ಕುಳಿತು ಹಿಮದ ಮಾತನ್ನು ತಿದ್ದುವುದು ಅಧಿಕಪ್ರಸಂಗವೆಂದು ಯಾರಿಗಾದರೂ ತೋರಿದರೆ ನನ್ನ ಆಕ್ಷೇಪವಿಲ್ಲ. ಆದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್-ಕಂಟ್ರಿ ಸ್ಕೀ ಸ್ಪರ್ಧೆಗಳಲ್ಲಿ ಹೆಸರು ಮಾಡಿರುವ ಈ ಕಾಲದಲ್ಲಿ, ಕನ್ನಡಕ್ಕೆ ಈ ಪದಗಳ ಅಗತ್ಯವೇ ಇಲ್ಲವೆನ್ನುವುದು ಸರಿಯಾಗಲಾರದು.

ನನ್ನ ಪ್ರಶ್ನೆ ಮುಖ್ಯವಾಗಿ ಮೂರು ಹೆಸರುಗಳನ್ನು ಕುರಿತದ್ದು. ಕರಡಿನಲ್ಲಿ ‘ಆಲ್-ಮೌಂಟನ್’ ಎಂಬುದು ‘ಸರ್ವಪರ್ವತ ಸ್ಕೀ’ ಎಂದಾಗಿದೆ. ಇದನ್ನು ಓದಿದವರು ಹಿಮಾಲಯಕ್ಕೂ ಆಲ್ಪ್ಸ್‌ಗೂ ಸಮನಾಗಿ ಒದಗುವ ಸ್ಕೀ ಎಂದೇ ಅರ್ಥ ಮಾಡಿಕೊಂಡಾರು. ವಾಸ್ತವದಲ್ಲಿ ಆ ಹೆಸರು ಹಲವು ಪರ್ವತಗಳನ್ನು ಹೇಳುತ್ತಿಲ್ಲ. ಒಂದೇ ಪರ್ವತದಲ್ಲಿ ಯಂತ್ರದಿಂದ ತಟ್ಟಿ ಹದಗೊಳಿಸಿದ ಇಳಿಜಾರು, ಅದರ ಅಂಚಿನ ಕೆದರಿದ ಹಿಮ, ಮರಗಳ ನಡುವೆ ಕದಡದೆ ಉಳಿದ ಹೊಸ ಹಿಮ, ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ತೊಗಟೆ ಇವೆಲ್ಲದರ ಮೇಲೂ ಒಂದು ಮಟ್ಟಿಗೆ ನಡೆದುಕೊಳ್ಳುವ ಸ್ಕೀ ಎಂಬುದನ್ನು ಹೇಳುತ್ತಿದೆ. ಆದ್ದರಿಂದ ಅನುವಾದಿಸಲೇಬೇಕೆಂದಾದರೆ ‘ಇಡಿಬೆಟ್ಟದ ಸ್ಕೀ’ ಎನ್ನಬಹುದೆಂದು ನನಗೆ ತೋರುತ್ತದೆ.

‘ಟೂರಿಂಗ್’ ಇನ್ನೂ ಕಷ್ಟದ್ದು. ‘ಪ್ರವಾಸಿ ಸ್ಕೀ’ ಎಂದು ಕರಡಿನಲ್ಲಿದೆ. ಗುಲ್ಮಾರ್ಗದಲ್ಲಿ ಬಾಡಿಗೆಗೆ ಪಡೆದು ಸಪಾಟು ಬಯಲಿನಲ್ಲಿ ಅರ್ಧ ಗಂಟೆ ಆಡಿ, ಫೋಟೊ ತೆಗೆಸಿಕೊಂಡು ಹಿಂದಿರುಗುವ ಪ್ರವಾಸಿಯ ಸ್ಕೀ ಎಂಬ ನೇರ ವಿರುದ್ಧಾರ್ಥವನ್ನು ಅದು ಕೊಡುತ್ತದೆ. ಸ್ಕೀಯವರ ಮಾತಿನಲ್ಲಿ ಟೂರಿಂಗ್ ಎಂದರೆ ರೋಪ್‌ವೇಯ ಹಂಗಿಲ್ಲದೆ, ಹಿಮ್ಮಡಿಯನ್ನು ಸಡಿಲ ಬಿಟ್ಟು, ಸ್ಕೀ ತೊಟ್ಟ ಕಾಲಿನಿಂದಲೇ ಬೆಟ್ಟ ಹತ್ತಿ, ಮೇಲೆ ಹಿಮ್ಮಡಿಯನ್ನು ಬಿಗಿದು ಇಳಿಯುವುದು. ಇಲ್ಲಿ ಹತ್ತುವಿಕೆಯೇ ಮುಖ್ಯ. ನಮ್ಮ ಕಡೆ ರಸ್ತೆಯ ಏರನ್ನು ‘ಚಡಾವು’ ಎನ್ನುವ ರೂಢಿಯಿರುವುದರಿಂದ ‘ಚಡಾವು ಸ್ಕೀ’ ಎಂದು ಒಮ್ಮೆ ಬರೆದು ನೋಡಿದೆ. ಹಾಸನ, ಧಾರವಾಡಗಳ ಓದುಗರಿಗೆ ಅದು ಎಷ್ಟರ ಮಟ್ಟಿಗೆ ಹಿಡಿಸೀತೆಂಬುದನ್ನು ಆ ಕಡೆಯವರೇ ತಿಳಿಸಬೇಕು. ‘ಫ್ರೀರೈಡ್’ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಯಂತ್ರಾನುವಾದವು ಅದನ್ನು ‘ಉಚಿತ ಸವಾರಿ’ ಮಾಡಿದೆ, ಅಳಿಯ ಅದನ್ನು ಗಮನಿಸದೆ ಉಳಿಸಿದ್ದಾನೆ. ಹದಗೊಳಿಸದ ಹಿಮದಲ್ಲಿ ತನಗೆ ತೋಚಿದ ದಾರಿ ಹಿಡಿದು ಇಳಿಯುವುದು ಎಂದಷ್ಟೇ ಅದರ ತಾತ್ಪರ್ಯ.

ಈಗ ನನ್ನ ಅಭಿಪ್ರಾಯ. ಈ ಮೂರೂ ಅಂಗಡಿಯ ಕಪಾಟಿನ ಹೆಸರುಗಳು. ಒಂದು ಕಂಪನಿ ಆಲ್-ಮೌಂಟನ್ ಎಂದು ಮಾರುವುದನ್ನೇ ಇನ್ನೊಂದು ಫ್ರೀರೈಡ್ ಎಂದು ಮಾರುವುದುಂಟು. ಹೆಸರುಗಳನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಉಳಿಸಿ, ಸ್ಕೀಯ ಅಂಗಗಳ ಹೆಸರುಗಳನ್ನು ಮಾತ್ರ ಕನ್ನಡಿಸಿದರೆ ಕೊಳ್ಳುವವನಿಗೆ ಹೆಚ್ಚು ಉಪಕಾರವಾಗುತ್ತದೆ, ಏಕೆಂದರೆ ಆಯ್ಕೆ ನಿಂತಿರುವುದು ಅಂಗಗಳ ಅಳತೆಯ ಮೇಲೆ. ‘ಸ್ಕೀ’ ಎಂಬ ಪದವನ್ನು ಮುಟ್ಟುವ ಅಗತ್ಯವಂತೂ ಇಲ್ಲ. ಅದರ ಹಳೆಯ ನಾರ್ಸ್ ಮೂಲಕ್ಕೆ ಸೀಳಿದ ಮರದ ತುಂಡು ಎಂಬ ಅರ್ಥವಿದ್ದು, ನಮ್ಮ ಅಡಕೆ ಮರದ ದಬ್ಬೆಗೆ ಅದು ದೂರದ ನೆಂಟ ಎಂಬುದು ಕೇವಲ ಕುತೂಹಲದ ಮಾತು.

ಅಂಗಗಳಲ್ಲಿ ಮೊದಲನೆಯದು ಪಾದದ ಕೆಳಗಿನ ಅಗಲ. ಇಂಗ್ಲಿಷಿನವರು ಅದನ್ನು ಸೊಂಟವೆನ್ನುತ್ತಾರೆ; ಕನ್ನಡದಲ್ಲಿ ‘ನಡು’ ಎಂದರೆ ಸೊಂಟವೂ ಆಯಿತು, ಮಧ್ಯವೂ ಆಯಿತು, ಮೂಲಕ್ಕಿಂತ ನಮ್ಮ ಪದವೇ ಹೆಚ್ಚು ಒಪ್ಪುತ್ತದೆ. ಸ್ಕೀಯ ಮೇಲೆ 133-100-121 ಎಂಬಂತೆ ಮೂರು ಸಂಖ್ಯೆಗಳಿದ್ದರೆ ಅವು ಕ್ರಮವಾಗಿ ಮುಂತುದಿ, ನಡು, ಹಿಂತುದಿಗಳ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ನಡು 85 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದು ಹೆಚ್ಚಾಗಿ ಹದಗೊಳಿಸಿದ ಇಳಿಜಾರಿನ ಸ್ಕೀ, 115 ಮಿ.ಮೀ. ದಾಟಿದರೆ ಆಳವಾದ ಹೊಸ ಹಿಮಕ್ಕೆಂದೇ ಮಾಡಿದ್ದು. ಅಗಲ ಹೆಚ್ಚಿದಷ್ಟೂ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಸ್ಕೀ ಹುಗಿಯದೆ ತೇಲುತ್ತದೆ. ಆದರೆ ಗಟ್ಟಿ ಹಿಮದಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸುವಾಗ ಅದೇ ಅಗಲ ಮೊಣಕಾಲಿಗೆ ಹೊರೆಯಾಗುತ್ತದೆ, ಹತ್ತುವಾಗ ತೂಕವೂ ಆಗುತ್ತದೆ. ಒಂದೇ ಜೋಡಿಯಲ್ಲಿ ಹತ್ತುವುದೂ ಇಳಿಯುವುದೂ ಆಗಬೇಕೆನ್ನುವವರಿಗೆ 95ರಿಂದ 105 ಮಿ.ಮೀ. ನಡು ಸರಿಯೆಂದು ಕರಡು ಹೇಳುತ್ತದೆ. ಅದನ್ನು ತಿದ್ದಲು ನನಗೆ ಕಾರಣ ಕಾಣಲಿಲ್ಲ. ಉದ್ದವನ್ನು ತೊಡುವವನ ಎತ್ತರದ ಆಸುಪಾಸಿನಲ್ಲಿ ಇಟ್ಟುಕೊಂಡರಾಯಿತು.

ಆಗತಾನೆ ಬಿದ್ದ ಹಗುರವಾದ ಒಣಹಿಮವನ್ನು ಹೇಳುವ ‘ಪೌಡರ್’ ಎಂಬುದಕ್ಕೆ ಅಳಿಯ ‘ಪುಡಿಮಂಜು’ ಎಂದಿದ್ದಾನೆ. ಇಲ್ಲಿ ಎರಡು ತೊಡಕುಗಳಿವೆ. ‘ಮಂಜು’ ಎಂದರೆ ಕಾಸರಗೋಡಿನ ಕನ್ನಡಿಗನಿಗೆ ಮುಂಜಾನೆ ತೋಟದ ಮೇಲೆ ಕವಿಯುವುದು. ನೆರೆಯ ಮಲಯಾಳದಲ್ಲೂ ಆ ಪದ ಇಬ್ಬನಿ, ಕಾವಳ, ಹಿಮ ಮೂರನ್ನೂ ಒಟ್ಟಿಗೆ ಹೊತ್ತಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಆದ್ದರಿಂದ ‘ಹಿಮ’ವೇ ಇರಲಿ. ಇನ್ನು ಪುಡಿಯೋ ಹುಡಿಯೋ ಎಂಬುದು. ನಮ್ಮಲ್ಲಿ ಮೆಣಸಿನ ಹುಡಿ, ಅರಸಿನ ಹುಡಿ ಎಂಬುದೇ ರೂಢಿ, ಹವ್ಯಕರ ಮನೆಗಳಲ್ಲಿ ಅದು ‘ಹೊಡಿ’ಯೂ ಆಗುತ್ತದೆ. ಇದನ್ನು ಬರೀ ಪ್ರಾದೇಶಿಕವೆಂದು ತಳ್ಳಿಹಾಕುವಂತಿಲ್ಲ. ಧೂಳು ಎಂಬ ಅರ್ಥದಲ್ಲಿ ‘ಹುಡಿ’ ಗ್ರಂಥಸ್ಥ ಕನ್ನಡದ್ದೇ ಪದ. ‘ಹುಡಿಗೂಡಿತು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಆಗತಾನೆ ಬಿದ್ದ ಒಣಹಿಮದ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಕವಿರಬಹುದು, ಅಷ್ಟೇ ಗಾತ್ರದ ನೀರಿಗೆ 1,000 ಕಿಲೋ. ಕಾಲಿಟ್ಟರೆ ಚದುರಿ ಏಳುವ ಅಂಥ ಹಿಮಕ್ಕೆ ಕುಟ್ಟಿದ ಪುಡಿಯ ನೆನಪಿಗಿಂತ ಏಳುವ ಧೂಳಿನ ನೆನಪು ಹತ್ತಿರವಾದ್ದರಿಂದ ‘ಹುಡಿಹಿಮ’ವನ್ನೇ ಉಳಿಸಬೇಕೆಂಬುದು ನನ್ನ ಹಟ.

ಮುಂದಿನದು ‘ಕ್ಯಾಂಬರ್’ ಮತ್ತು ‘ರಾಕರ್’. ಸ್ಕೀಯನ್ನು ಸಪಾಟು ನೆಲದಲ್ಲಿಟ್ಟಾಗ ನಡು ಮೇಲಕ್ಕೆದ್ದು ಎರಡು ತುದಿಗಳ ಬಳಿ ಮಾತ್ರ ನೆಲ ತಾಗಿದರೆ ಅದು ಕ್ಯಾಂಬರ್. ‘ಕಮಾನು’ ಎಂದು ನಿಸ್ಸಂಕೋಚವಾಗಿ ಬರೆಯಬಹುದು. ಮೇಲೆ ನಿಂತಾಗ ಈ ಕಮಾನು ಚಪ್ಪಟೆಯಾಗಿ ಉಕ್ಕಿನ ಅಂಚನ್ನು ಉದ್ದಕ್ಕೂ ಹಿಮಕ್ಕೆ ಒತ್ತುವುದರಿಂದ ಗಟ್ಟಿ ಹಿಮದಲ್ಲಿ ಹಿಡಿತ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ, ತುದಿ ಇನ್ನೂ ದೂರವಿರುವಾಗಲೇ ತಳವು ನಿಧಾನವಾಗಿ ಮೇಲೇಳತೊಡಗಿದರೆ ಅದು ರಾಕರ್. ಕರಡಿನಲ್ಲಿ ಇದು ‘ತೂಗುಬಾಗು’ ಎಂದಾಗಿದೆ. ತೂಗುಕುರ್ಚಿಯ ಕಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪದವಿರಬೇಕು. ನನಗೆ ದೋಣಿಯ ತಳವೇ ಸರಿಯಾದ ಹೋಲಿಕೆಯೆನಿಸುತ್ತದೆ. ಮುಂಭಾಗ ಎದ್ದಿರುವ ದೋಣಿ ಅಲೆಯನ್ನು ಇರಿಯದೆ ಏರುವಂತೆ, ಮುಂತುದಿ ಎದ್ದಿರುವ ಸ್ಕೀ ಹುಡಿಹಿಮದೊಳಕ್ಕೆ ಮೂತಿ ತೂರಿಸದೆ ಮೇಲೆ ಬರುತ್ತದೆ. ಇದು ನನ್ನ ಕಲ್ಪನೆ ಮಾತ್ರವಲ್ಲ. ದೋಣಿ ಕಟ್ಟುವವರೂ ಇಂಗ್ಲಿಷಿನಲ್ಲಿ ‘ರಾಕರ್’ ಎಂಬ ಇದೇ ಪದವನ್ನು ಬಳಸುತ್ತಾರೆ, ಮತ್ತು 2002ರಲ್ಲಿ ವೋಲಂಟ್ ಕಂಪನಿಯ ಮೂಲಕ ‘ಸ್ಪ್ಯಾಚುಲಾ’ ಎಂಬ ತಲೆಕೆಳಗಾದ ಬಾಗಿನ ಸ್ಕೀ ಹೊರತಂದ ಶೇನ್ ಮೆಕಾಂಕಿ ಅವರು, ಹುಡಿಹಿಮವು ಗಟ್ಟಿ ನೆಲಕ್ಕಿಂತ ನೀರಿನಂತೆ ವರ್ತಿಸುತ್ತದೆಂದು ಕಂಡುಕೊಂಡು ನೀರಿನ ಸ್ಕೀಗಳ ಆಕಾರದಿಂದಲೇ ಪಾಠ ಕಲಿತಿದ್ದರು. ನಮ್ಮ ಕರಾವಳಿಯ ದೋಣಿಯವರು ಮಲಯಾಳದಲ್ಲಿ ದೋಣಿಯ ಮುಂಭಾಗಕ್ಕೆ ‘ಅಣಿಯಂ’, ಹಿಂಭಾಗಕ್ಕೆ ‘ಅಮರಂ’ ಎನ್ನುವುದನ್ನು ಕೇಳಿದ್ದೇನೆ. ‘ಅಣಿಬಾಗು’ ಎಂಬ ಪದ ಕಿವಿಗೆ ಹಿತವಾಗಿದ್ದರೂ ಘಟ್ಟದ ಮೇಲಿನವರಿಗೆ ಅದು ತಿಳಿಯದೆಂಬ ಅಳುಕಿನಿಂದ ಸದ್ಯಕ್ಕೆ ‘ತುದಿಯೇರು’ ಎಂದು ಬರೆದಿದ್ದೇನೆ. ಒಂದೇ ಜೋಡಿ ಕೊಳ್ಳುವವನಿಗೆ ಬೇಕಾದದ್ದು ಮುಂದೆ ಧಾರಾಳವಾದ ತುದಿಯೇರು, ಪಾದದ ಕೆಳಗೆ ಕಮಾನು, ಹಿಂದೆ ತುಸುವೇ ತುದಿಯೇರು. ಉದ್ದಕ್ಕೂ ಕಮಾನಿಲ್ಲದ ಸ್ಕೀ ಹುಡಿಹಿಮದಲ್ಲಿ ಎಷ್ಟೇ ಸುಖವಾದರೂ ಗಟ್ಟಿ ಇಳಿಜಾರನ್ನು ಅಡ್ಡ ಹಾಯುವಾಗ ಕೈಕೊಡುತ್ತದೆ.

ತೂಕದ ವಿಷಯದಲ್ಲಿ ಪದದ ತೊಡಕಿಲ್ಲ, ಒಂದು ಎಚ್ಚರಿಕೆ ಮಾತ್ರ ಸಾಕು. ಕಂಪನಿಗಳು ಸಾಮಾನ್ಯವಾಗಿ ಒಂದು ಕಾಲಿನ ಸ್ಕೀಯ ತೂಕವನ್ನು ಹೇಳುತ್ತವೆಯಾದ್ದರಿಂದ ಕನ್ನಡದಲ್ಲಿ ‘ಒಂಟಿ ತೂಕ’ ಎಂದು ಸ್ಪಷ್ಟಪಡಿಸಬೇಕು. ಒಂಟಿ ತೂಕ 1,500ರಿಂದ 1,800 ಗ್ರಾಂ ಇದ್ದರೆ ಹತ್ತುವವನಿಗೂ ಇಳಿಯುವವನಿಗೂ ನಡುವಿನ ಒಪ್ಪಂದ. ಅದಕ್ಕಿಂತ ಬಹಳ ಹಗುರಾದದ್ದು ಒರಟು ಹಿಮದಲ್ಲಿ ಕಂಪಿಸಿ ಅಂಕೆ ತಪ್ಪಿಸುತ್ತದೆ. ಗುಲ್ಮಾರ್ಗದಲ್ಲಿ ರೋಪ್‌ವೇ ಸುಮಾರು 2,650 ಮೀಟರ್ ಎತ್ತರದಿಂದ ಹೊರಟು ಅಫರ್ವಟ್ ಬೆಟ್ಟದ ಮೇಲೆ 3,900 ಮೀಟರಿಗೂ ಹೆಚ್ಚು ಎತ್ತರಕ್ಕೆ ಒಯ್ಯುವುದರಿಂದ, ಅಲ್ಲಿಗಷ್ಟೇ ಹೋಗುವವನು ತೂಕಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಹತ್ತುವಾಗ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಸ್ಕಿನ್’ ಎಂಬ ಹೆಸರು. ಹಿಂದೆ ಸೀಲ್ ಪ್ರಾಣಿಯ ತೊಗಲನ್ನು ಬಳಸುತ್ತಿದ್ದುದರಿಂದ ಬಂದ ಮಾತದು. ಈಗಿನದು ಅಂಗೋರಾ ಮೇಕೆಯ ಕೂದಲಾದ ಮೊಹೇರ್ ಅಥವಾ ನೈಲಾನಿನ ನೇಯ್ಗೆ. ಕೂದಲು ಹಿಂದಕ್ಕೆ ವಾಲಿರುವುದರಿಂದ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ತಡೆಯುತ್ತದೆ. ‘ಚರ್ಮ’ ಎಂಬ ಕರಡಿನ ಪದವನ್ನು ಹೊಡೆದುಹಾಕಿ ‘ಏರುಪಟ್ಟಿ’ ಎಂದಿದ್ದೇನೆ. ಉಕ್ಕಿನ ಅಂಚು ಮಾತ್ರ ಹೊರಗುಳಿಯುವಂತೆ ಸ್ಕೀಯ ಆಕಾರಕ್ಕೆ ಅದನ್ನು ಕತ್ತರಿಸಿಕೊಳ್ಳಬೇಕೆಂಬ ಮಾತನ್ನೂ ಸೇರಿಸಿದ್ದೇನೆ.

ಉಳಿದದ್ದು ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಡುವ ಈ ಸಾಧನದ ಹೆಸರನ್ನು ಬದಲಿಸುವುದು ಬೇಡ. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ 1980ರ ದಶಕದಲ್ಲಿ ರೂಪಿಸಿದ, ಬೂಟಿನ ಮೂತಿಯನ್ನು ಎರಡು ಮೊಳೆಗಳಿಂದ ಹಿಡಿಯುವ ಬಗೆಗೆ ‘ಮೊಳೆ ಬೈಂಡಿಂಗ್’ ಎಂದರೆ ಸಾಕು. ಅದಕ್ಕೆ ತಕ್ಕ ಕುಳಿಗಳು ಬೂಟಿನಲ್ಲಿರಬೇಕು ಎಂಬುದನ್ನು ಮಾತ್ರ ಬಿಡುವಂತಿಲ್ಲ. ನನ್ನನ್ನು ನಿಜವಾಗಿ ಕಾಡುತ್ತಿರುವುದು ಬಿದ್ದಾಗ ಬೂಟು ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕೆಂಬುದನ್ನು ಸೂಚಿಸುವ, ‘ಡಿನ್’ ಎಂದು ಕರೆಯುವ ಸಂಖ್ಯೆ. ಕರಡಿನಲ್ಲಿ ಅದು ‘ಬಿಡುಗಡೆ ಮೌಲ್ಯ’ವಾಗಿದೆ, ಪುಸ್ತಕ ಬಿಡುಗಡೆಯ ದಿನದ ರಿಯಾಯಿತಿ ಬೆಲೆಯಂತೆ ಕೇಳುತ್ತದೆ. ಈ ಸಂಖ್ಯೆ ಅತಿಯಾದರೆ ಬೂಟು ಕಳಚದೆ ಕಾಲು ಮುರಿಯಬಹುದು, ಕಡಿಮೆಯಾದರೆ ಇಳಿಜಾರಿನ ನಡುವೆಯೇ ಸ್ಕೀ ಕಾಲು ಬಿಟ್ಟು ಹೋಗಬಹುದು. ತೊಡುವವನ ತೂಕ, ಎತ್ತರ, ವಯಸ್ಸು, ಪಳಗಿಕೆ, ಬೂಟಿನ ಅಟ್ಟೆಯ ಉದ್ದ ಇವನ್ನೆಲ್ಲ ಲೆಕ್ಕ ಹಾಕಿ ಬಲ್ಲವರೇ ಅದನ್ನು ಹೊಂದಿಸಬೇಕು. ಸಂಖ್ಯೆ ಏರಿದಂತೆ ಕಳಚುವುದು ಕಷ್ಟವಾಗುತ್ತದೆಂಬುದು ಪದದಲ್ಲೇ ಗೊತ್ತಾಗಲೆಂದು ‘ಕಳಚುಬಿಗಿ’ ಎಂದು ಯೋಚಿಸಿದ್ದೇನೆ. ‘ಕಳಚುಮಟ್ಟ’ ಎಂಬುದು ಕೇಳಲು ಸಹಜವಾಗಿದ್ದರೂ ಏರಿಳಿತದ ದಿಕ್ಕನ್ನು ಹೇಳುವುದಿಲ್ಲ. ಇವೆರಡರಲ್ಲಿ ಯಾವುದು ಮೇಲು, ಅಥವಾ ಯಂತ್ರಗಳ ಕೆಲಸ ಬಲ್ಲವರ ನಡುವೆ ಇದಕ್ಕೆ ಈಗಾಗಲೇ ನಡೆಯುತ್ತಿರುವ ಬೇರೆ ಮಾತಿದೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.