ರೈತರ ಕಾರು ವಿಮೆಯಿಂದ ಶುರುವಾದ ಸ್ಟೇಟ್ ಫಾರ್ಮ್ ಇಷ್ಟು ದೊಡ್ಡದಾಗಿದ್ದು ಹೇಗೆ?

ಟಿಳಕವಾಡಿ_ಕಾಮರ್ಸ್ (ಬೆಳಗಾವಿ):
ಎಂ.ಕಾಂ. ಸೆಮಿನಾರ್‌ಗೆ ಅಮೆರಿಕದ ಸ್ಟೇಟ್ ಫಾರ್ಮ್ ಕಂಪನಿಯ ವಿಷಯ ತೆಗೆದುಕೊಂಡಿದ್ದೇನೆ. 1922ರಲ್ಲಿ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಜಾರ್ಜ್ ಮೆಹರ್ಲ್ ಎಂಬ ರೈತ ಇದನ್ನು ಕಟ್ಟಿದ, 1942ಕ್ಕೆ ಅದು ಅಮೆರಿಕದ ಅತಿ ದೊಡ್ಡ ವಾಹನ ವಿಮಾ ಕಂಪನಿಯಾಯಿತು, ಇಷ್ಟು ಎಲ್ಲ ಕಡೆ ಸಿಗುತ್ತದೆ. ಇಪ್ಪತ್ತು ವರ್ಷದಲ್ಲಿ ಅದು ಸಾಧ್ಯವಾಗಿದ್ದು ಹೇಗೆ ಅಂತ ಬಿಡಿಸಿ ಹೇಳಿದ್ದು ಎಲ್ಲೂ ಸಿಗಲಿಲ್ಲ. ವಿಮೆ ಕೆಲಸ ಗೊತ್ತಿದ್ದವರು ದರದ ಲೆಕ್ಕ ಹಿಡಿದು ತಿಳಿಸಿರಿ. ನಮ್ಮ ಕಡೆಯ ಉದಾಹರಣೆ ಕೊಟ್ಟರೆ ಇನ್ನೂ ಚಲೋ. ಷೇರು ಇಲ್ಲದ ಕಂಪನಿಗೆ ಬಂಡವಾಳ ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿಯಬೇಕಿದೆ.

ಸರ್ವೇಯರ್_ಚಿಕ್ಕೋಡಿ:
ಮೂಲ ಗುಟ್ಟು ದರದಲ್ಲಿದೆ. ಆಗಿನ ಕಂಪನಿಗಳು ಪಟ್ಟಣದ ಕಾರನ್ನೂ ಹಳ್ಳಿಯ ಕಾರನ್ನೂ ಹೆಚ್ಚುಕಡಿಮೆ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದವು. ರೈತರು ಗಾಡಿ ಕಡಿಮೆ ಓಡಿಸುತ್ತಾರೆ, ಅವರ ಕ್ಲೇಮೂ ಕಡಿಮೆ, ಹಾಗಿದ್ದ ಮೇಲೆ ಪ್ರೀಮಿಯಮ್ ಯಾಕೆ ಪಟ್ಟಣದವರಷ್ಟೇ ಕಟ್ಟಬೇಕು ಎಂಬುದು ಮೆಹರ್ಲ್‌ನ ವಾದ.

ಇದರ ಬಲ ಎಷ್ಟಿತ್ತು ಅನ್ನುವುದು ಅಂಕಿ ಹಾಕಿದರೆ ಕಾಣುತ್ತದೆ (ಈ ಅಂಕಿ ಬರೀ ತಿಳಿಯಲಿಕ್ಕೆ). ಪಟ್ಟಣದ 100 ಕಾರುಗಳ ವರ್ಷದ ಕ್ಲೇಮ್ 6,000 ಡಾಲರ್, ಹಳ್ಳಿಯ 100 ಕಾರುಗಳದು 3,000 ಅಂತ ಹಿಡಿಯಿರಿ. ಎಲ್ಲರನ್ನೂ ಕೂಡಿಸಿದರೆ ತಲೆಗೆ 45 ಬೀಳುತ್ತದೆ. ರೈತನ ನಿಜವಾದ ಖರ್ಚು 30. ಬರೀ ರೈತರನ್ನೇ ಸೇರಿಸಿಕೊಂಡು 36ಕ್ಕೆ ಪಾಲಿಸಿ ಕೊಡುವವನು ಬಂದರೆ ಹಳ್ಳಿಯವರೆಲ್ಲ ಅವನ ಕಡೆ ಹೋಗುತ್ತಾರೆ, ಅವನಿಗೂ ಆರು ಡಾಲರ್ ಉಳಿಯುತ್ತದೆ. ಹಳೆಯ ಕಂಪನಿ ಹತ್ತಿರ ಉಳಿಯುವುದು 60 ಖರ್ಚಿನ ಪಟ್ಟಣದವರು, ಅವರು ಕಟ್ಟುತ್ತಿರುವುದು 45. ನಷ್ಟ ತುಂಬಲು ಅದು ದರ ಏರಿಸಬೇಕು. ಏರಿಸಿದ ಹಾಗೆಲ್ಲ ಒಳ್ಳೆಯ ಗಿರಾಕಿ ಇನ್ನಷ್ಟು ಕಳಚಿಕೊಳ್ಳುತ್ತಾರೆ.

ಎರಡನೆಯದು ಖರ್ಚು, ಮತ್ತು ನನ್ನ ಪ್ರಕಾರ ಇದೇ ಹೆಚ್ಚು ದೊಡ್ಡ ಕಾರಣ. ಪಾಲಿಸಿ ಮಾರುವ ಖರ್ಚಿಗೆ ಮೊದಲ ಸಲ ಒಂದು ಸದಸ್ಯತ್ವ ಶುಲ್ಕ ತೆಗೆದುಕೊಂಡರು. ಅದಾದ ಮೇಲೆ ಪ್ರೀಮಿಯಮ್ ಆರು ತಿಂಗಳಿಗೊಮ್ಮೆ. ನವೀಕರಣದ ಬಿಲ್ಲನ್ನು ಬ್ಲೂಮಿಂಗ್ಟನ್ ಕಚೇರಿಯೇ ಸದಸ್ಯನಿಗೆ ಅಂಚೆಯಲ್ಲಿ ಕಳಿಸುತ್ತಿತ್ತು. ಏಜೆಂಟನ ಕೆಲಸ ಹೊಸ ಸದಸ್ಯರನ್ನು ತರುವುದು. ಮನೆ ಮನೆ ತಿರುಗಿ ನವೀಕರಣದ ಹಣ ವಸೂಲಿ ಮಾಡುವುದು, ಅದಕ್ಕೆ ಪ್ರತಿ ವರ್ಷ ಹೊಸ ಪಾಲಿಸಿಯಷ್ಟೇ ಕಮಿಷನ್ ಕೊಡುವುದು ತಪ್ಪಿತು. ರೈತನಿಗೂ ವರ್ಷದ ಮೊತ್ತ ಒಂದೇ ಗಂಟಿನಲ್ಲಿ ಕಟ್ಟುವ ಭಾರ ಇಳಿಯಿತು. ಕಬ್ಬಿನ ಬಿಲ್ಲಿಗೆ ಕಾಯುವ ಮಂದಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಮೂರನೆಯದು, ಮಾರಿದವರು ಯಾರು ಅನ್ನುವುದು. ರೈತ ಸಂಘಟನೆಗಳು, ಆಗಲೇ ಇದ್ದ ರೈತರ ಪರಸ್ಪರ ವಿಮಾ ಸಂಘಗಳು, ಇವುಗಳ ಮೂಲಕವೇ ಏಜೆಂಟರು ಸಿಕ್ಕರು. ಯಾರ ಗಾಡಿ ಹೇಗಿದೆ, ಯಾರು ಕುಡಿದು ಓಡಿಸುತ್ತಾರೆ ಎಂಬುದು ಊರಿನವನಿಗೆ ಗೊತ್ತಿರುತ್ತದೆ. ಪ್ರಪೋಸಲ್ ಫಾರ್ಮಿನಲ್ಲಿ ಬಾರದ ಮಾಹಿತಿ ಅದು.

ಇಸವಿಗಳು: 1928ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶಾಖಾ ಕಚೇರಿ, 1929ರಲ್ಲಿ ಜೀವ ವಿಮೆ, 1935ರಲ್ಲಿ ಅಗ್ನಿ ವಿಮೆಗೆ ಬೇರೆ ಕಂಪನಿ, 1944ಕ್ಕೆ ಹತ್ತು ಲಕ್ಷ ವಾಹನ ಪಾಲಿಸಿ. ಅಷ್ಟರಲ್ಲಿ ಗಿರಾಕಿ ಬರೀ ರೈತರಾಗಿ ಉಳಿದಿರಲಿಲ್ಲ. ಮೆಹರ್ಲ್ 1951ರಲ್ಲಿ ತೀರಿಕೊಂಡ.

ಗೋಳಗುಮ್ಮಟ_ಏಜೆಂಟ್ (ವಿಜಯಪುರ):
ಸರ್ವೇಯರ್ ಸಾಹೇಬ್ರು ಹೇಳಿದ್ದು ಬರೋಬ್ಬರಿ ಐತ್ರಿ. ನಮ್ಮ ಕಡೆ ಉದಾಹರಣೆ ಬೇಕಂದ್ರ ಇಲ್ಲಿ ನೋಡ್ರಿ.

ನಮ್ಮ ದೇಶದಾಗ 2002ರ ಮೋಟಾರ್ ಟ್ಯಾರಿಫ್ (ವಾಹನ ವಿಮೆ ದರದ ಪಟ್ಟಿ) ಕಾರಿಗೆ ಎರಡು ಝೋನ್ ಮಾಡೈತಿ. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದಿಲ್ಲಿ, ಕೋಲ್ಕತ್ತಾ, ಅಹಮದಾಬಾದ್ ಎ ಝೋನ್. ಉಳಿದದ್ದೆಲ್ಲಾ ಬಿ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲಾ ಬಿ ಒಳಗ ಬರ್ತಾವ. 1000ದಿಂದ 1500 ಸಿಸಿ, ಐದು ವರ್ಷದ ಒಳಗಿನ ಕಾರು, ಐಡಿವಿ (ವಿಮೆಗೆ ಹಿಡಿಯೋ ಗಾಡಿ ಬೆಲೆ) 6 ಲಕ್ಷ ಅಂತ ಹಿಡೀರಿ. ಓನ್ ಡ್ಯಾಮೇಜ್ (ನಮ್ಮ ಗಾಡಿಗೇ ಆಗೋ ಹಾನಿ) ದರ ಎ ಝೋನಿಗೆ 3.283%, ಅಂದ್ರ 19,698 ರೂ. ಬಿ ಝೋನಿಗೆ 3.191%, ಅಂದ್ರ 19,146 ರೂ. ಫರಕ 552 ರೂಪಾಯಿ. 2007ರಿಂದ ಈ ದರ ಕಡ್ಡಾಯ ಇಲ್ಲ, ಕಂಪನಿ ತಮ್ಮ ತಮ್ಮ ಡಿಸ್ಕೌಂಟ್ ಕೊಡ್ತಾವ. ಆದ್ರೂ ಝೋನ್ ನೋಡೋ ರೂಢಿ ಹೋಗಿಲ್ಲ.

ಮಂದಿ ತಪ್ಪೋದು ಇಲ್ಲಿ. ಝೋನ್ ನಿಂತಿರೋದು ಗಾಡಿ ಎಲ್ಲಿ ಓಡತೈತಿ ಅನ್ನೋದರ ಮ್ಯಾಲೆ ಅಲ್ರಿ, ಯಾವ ಆರ್‌ಟಿಒದಾಗ ರಜಿಸ್ಟರ್ ಆಗೈತಿ ಅನ್ನೋದರ ಮ್ಯಾಲೆ. ಕೆಎ-22, 28, 29 ಇದ್ರ ಬಿ. ಬೆಂಗಳೂರು ನಂಬರಿನ ಸೆಕೆಂಡ್ ಹ್ಯಾಂಡ್ ಗಾಡಿ ತಂದು ನಮ್ಮ ಜಿಲ್ಲಾದ ಇಂಡಿ ಊರಾಗ ಓಡಿಸಿದ್ರೂ ಎ ಝೋನೇ ಹತ್ತತೈತಿ.

ಥರ್ಡ್ ಪಾರ್ಟಿಗೆ (ನಮ್ಮ ಗಾಡಿಯಿಂದ ಬ್ಯಾರೆಯವರಿಗೆ ಆಗೋ ಹಾನಿಯ ವಿಮೆಗೆ) ಝೋನ್ ಇಲ್ಲ. ಅದನ್ನ ಸರಕಾರನ ಸಿಸಿ ನೋಡಿ ನಿಗದಿ ಮಾಡತೈತಿ. ಈ ಅಳತಿ ಕಾರಿಗೆ 2022ರ ಅಧಿಸೂಚನಾದಾಗ 3,416 ರೂ. ಅಂದ್ರ ಮೆಹರ್ಲ್ ಮಾಡಿದಂಗ "ನಮ್ಮ ಹಳ್ಳಿ ಮಂದಿಗೆ ಕಡಿಮಿ ದರ" ಅಂತ ಥರ್ಡ್ ಪಾರ್ಟಿಯೊಳಗ ಇಲ್ಲಿ ಯಾವ ಕಂಪನೀನೂ ಮಾಡಾಕ ಬರೂದಿಲ್ಲ. ಓನ್ ಡ್ಯಾಮೇಜ್‌ನಾಗ ಬರತೈತಿ. ಕಡಿಮಿ ಓಡಿಸೋರಿಗೆ ಕಡಿಮಿ ಪ್ರೀಮಿಯಮ್ ಅನ್ನೋ "ಪೇ ಆ್ಯಸ್ ಯು ಡ್ರೈವ್" ಆ್ಯಡ್-ಆನ್‌ಗೆ ವಿಮಾ ನಿಯಂತ್ರಕ ಐಆರ್‌ಡಿಎಐ 2022ರ ಜುಲೈದಾಗ ಒಪ್ಪಿಗಿ ಕೊಟ್ಟೈತಿ. ಮೆಹರ್ಲ್ 1922ರಾಗ ಹಿಡಿದಿದ್ದ ವಿಚಾರನ ಅದು, ನೂರು ವರ್ಷ ಆದ ಮ್ಯಾಲೆ.

ಟಿಳಕವಾಡಿ_ಕಾಮರ್ಸ್:
ಇಬ್ಬರಿಗೂ ಧನ್ಯವಾದ, 36 ಮತ್ತು 45ರ ಲೆಕ್ಕವನ್ನೇ ಸ್ಲೈಡಿಗೆ ಹಾಕುತ್ತೇನೆ. ಬಂಡವಾಳದ ಪ್ರಶ್ನೆ ಉಳಿಯಿತು. ಇನ್ನೊಂದು: ಇಷ್ಟು ಗಟ್ಟಿಯಾದ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಮನೆ ವಿಮೆ ಕೊಡುವುದನ್ನು ನಿಲ್ಲಿಸಿದ್ದು ಯಾಕೆ?

ಲೆಕ್ಕಪತ್ರ_ಬಾಗಲಕೋಟೆ:
ಸ್ಟೇಟ್ ಫಾರ್ಮ್ ಮ್ಯೂಚುವಲ್ ಕಂಪನಿ. ಷೇರುದಾರರಿಲ್ಲ, ಪಾಲಿಸಿದಾರರೇ ಒಡೆಯರು. ಹಾಗಾಗಿ ಷೇರು ಮಾರಿ ಪೇಟೆಯಿಂದ ದುಡ್ಡು ಎತ್ತಲು ಬರುವುದಿಲ್ಲ. ವರ್ಷ ವರ್ಷ ಉಳಿದದ್ದನ್ನು ಸರ್‌ಪ್ಲಸ್ (ಉಳಿಕೆ ನಿಧಿ) ಆಗಿ ಕೂಡಿಡುವುದೇ ಮುಖ್ಯ ದಾರಿ. ಉದಾಹರಣೆಗೆ, 100 ಪ್ರೀಮಿಯಮ್‌ನಲ್ಲಿ ಕ್ಲೇಮ್ 76, ಖರ್ಚು 20 ಹೋದರೆ 4 ಉಳಿಯುತ್ತದೆ. ಜೊತೆಗೆ ಕ್ಲೇಮ್ ಕೊಡುವವರೆಗೆ ಕೈಯಲ್ಲಿರುವ ಹಣದ ಮೇಲೆ ಬಡ್ಡಿ, ಲಾಭಾಂಶ. ಡಿವಿಡೆಂಡ್ ಕೇಳುವ ಷೇರುದಾರ ಇಲ್ಲದ್ದರಿಂದ ಆ ಹಣ ಅಲ್ಲೇ ಬೆಳೆಯುತ್ತದೆ. ಹೆಚ್ಚಾದಾಗ ಸದಸ್ಯರಿಗೇ ವಾಪಸ್ ಹೋಗುವುದೂ ಉಂಟು: 2020ರಲ್ಲಿ ಕೋವಿಡ್‌ನಿಂದ ಗಾಡಿಗಳು ನಿಂತಾಗ ಸುಮಾರು 200 ಕೋಟಿ ಡಾಲರ್ ವಾಹನ ಪಾಲಿಸಿದಾರರ ಖಾತೆಗೆ ಜಮಾ ಮಾಡಿದರು.

ಈ ಸೂತ್ರ ಕೆಡುವುದು ಎಲ್ಲಿ ಎಂಬುದಕ್ಕೆ ಅಮೆರಿಕದ್ದೇ ವಾಹನ ವಿಮಾ ಕಂಪನಿ ಗೈಕೋವನ್ನೂ ಸೆಮಿನಾರ್‌ಗೆ ಸೇರಿಸಿಕೊಳ್ಳಿ. 1936ರಲ್ಲಿ ಲಿಯೋ ಗುಡ್ವಿನ್ ಅದೇ ಸೂತ್ರ ಹಿಡಿದ: ರೈತರ ಜಾಗದಲ್ಲಿ ಸರ್ಕಾರಿ ನೌಕರರು, ಏಜೆಂಟರ ಬದಲು ಅಂಚೆ. 1970ರ ದಶಕದಲ್ಲಿ ಗಿರಾಕಿಗಳನ್ನು ಆರಿಸುವ ಬಿಗಿಯನ್ನು ಸಡಿಲ ಬಿಟ್ಟು ವೇಗವಾಗಿ ಬೆಳೆದರು. ಮುಂದೆ ಕೊಡಬೇಕಾದ ಕ್ಲೇಮಿಗೆ ತೆಗೆದಿಟ್ಟ ಮೊತ್ತ ಸಾಲದಾಯಿತು. 1975ರಲ್ಲಿ 12.6 ಕೋಟಿ ಡಾಲರ್ ನಷ್ಟವಾಗಿ ಮುಳುಗುವ ಹಂತಕ್ಕೆ ಬಂತು. 1976ರಲ್ಲಿ ಬಂದ ಜಾಕ್ ಬರ್ನ್ ದರ ಏರಿಸಿ, ನ್ಯೂಜೆರ್ಸಿಯಂಥ ರಾಜ್ಯವನ್ನೇ ಬಿಟ್ಟು ಅದನ್ನು ಉಳಿಸಿದ. ವಿಮೆಯಲ್ಲಿ ಮಾಲಿನ ಬೆಲೆ ಮಾರಿದ ಮೇಲೆ ತಿಳಿಯುತ್ತದೆ. ಅದಕ್ಕೇ ಮೀಸಲು ಕಡಿಮೆ ತೋರಿಸಿದರೆ ಒಂದೆರಡು ವರ್ಷ ಲಾಭ ಕಾಣುತ್ತದೆ, ಆಮೇಲೆ ನಷ್ಟ ಒಟ್ಟಿಗೇ ಬೀಳುತ್ತದೆ.

ಇನ್ನು ಮನೆ ವಿಮೆ. ಕಾರಿನ ಅಪಘಾತ ಒಂದಕ್ಕೊಂದು ಸಂಬಂಧ ಇಲ್ಲದ್ದು. ಅಥಣಿಯಲ್ಲಿ ಒಂದು ಕಾರು ಗುದ್ದಿಕೊಂಡರೆ ಜಮಖಂಡಿಯದಕ್ಕೆ ಏನೂ ಆಗುವುದಿಲ್ಲ. ಪಾಲಿಸಿ ಹೆಚ್ಚಿದಷ್ಟೂ ಸರಾಸರಿ ಗಟ್ಟಿಯಾಗುತ್ತದೆ. ಮನೆಗೆ ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ತೀರದ ಊರುಗಳಿಗೆ ನೀರು ನುಗ್ಗಿದ್ದು ನೆನಪಿಸಿಕೊಳ್ಳಿ. ಆ ದಂಡೆಯ ಮನೆಗಳಿಗೆಲ್ಲ ಒಂದೇ ಕಂಪನಿ ವಿಮೆ ಕೊಟ್ಟಿದ್ದರೆ ಒಂದೇ ವಾರದಲ್ಲಿ ಎಲ್ಲ ಕ್ಲೇಮೂ ಬರುತ್ತಿತ್ತು. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಫ್ಲೋರಿಡಾಕ್ಕೆ ಹೊಡೆದಾಗ ಸ್ಟೇಟ್ ಫಾರ್ಮ್‌ನ ಅಗ್ನಿ ವಿಮಾ ಕಂಪನಿಗೆ ಆಗಿದ್ದು ಅದೇ. ವಾಹನ ವಿಮೆಯ ಮಾತೃ ಕಂಪನಿ ಹಣ ಹಾಕಿ ಅದನ್ನು ಎತ್ತಿ ನಿಲ್ಲಿಸಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚು, ಏರಿದ ಕಟ್ಟಡ ಖರ್ಚು, ದುಬಾರಿಯಾದ ಮರುವಿಮೆ (ವಿಮಾ ಕಂಪನಿಯೇ ತನಗೆ ಮಾಡಿಸಿಕೊಳ್ಳುವ ವಿಮೆ) ಮೂರೂ ಸೇರಿದವು. ಅಲ್ಲಿ 1988ರ ಜನಮತದ ಕಾನೂನಿನಂತೆ ದರ ಏರಿಸಲು ಮುಂಚಿತ ಒಪ್ಪಿಗೆ ಬೇಕು. ಖರ್ಚು ಓಡುತ್ತದೆ, ದರ ಹಿಂದೆ ಬೀಳುತ್ತದೆ. 2023ರ ಮೇ 27ರಿಂದ ಹೊಸ ಮನೆ ಪಾಲಿಸಿ ನಿಲ್ಲಿಸಿದರು, 2024ರ ಮಾರ್ಚ್‌ನಲ್ಲಿ ಸುಮಾರು 72,000 ಪಾಲಿಸಿ ನವೀಕರಿಸುವುದಿಲ್ಲ ಎಂದರು. 2023ರಲ್ಲಿ ಸ್ಟೇಟ್ ಫಾರ್ಮ್‌ನ ಎಲ್ಲ ಕಂಪನಿಗಳಿಗೆ ಸೇರಿ ಆಸ್ತಿ ಮತ್ತು ವಾಹನ ವಿಮೆಯಲ್ಲಿ ಆದ ನಷ್ಟ 1,410 ಕೋಟಿ ಡಾಲರ್. ಕೂಡಿಟ್ಟ ಸರ್‌ಪ್ಲಸ್ ಇದ್ದದ್ದಕ್ಕೆ ತಡೆಯಿತು. ಆ ರಾಜ್ಯದ ಪಾಲಿಸಿಗಳು ಸ್ಟೇಟ್ ಫಾರ್ಮ್ ಜನರಲ್ ಎಂಬ ಬೇರೆ ಉಪಕಂಪನಿಯಲ್ಲಿವೆ ಎಂಬುದನ್ನು ಸ್ಲೈಡಿನಲ್ಲಿ ಮರೆಯಬೇಡಿ. ಎಲ್ಲವನ್ನೂ ಒಂದೇ ಕಂಪನಿ ಅಂತ ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಘಟಪ್ರಭಾ_ಸೊಸೈಟಿ (ಗೋಕಾಕ):
ನಮ್ಮ ಸಹಕಾರಿ ಸಂಘಗಳು ಸೇರಿ ಹೀಗೊಂದು ಕಂಪನಿ ಮಾಡಬಹುದೇ ಎಂದು ಯಾರಾದರೂ ಸೆಮಿನಾರ್‌ನಲ್ಲಿ ಕೇಳಿಯೇ ಕೇಳುತ್ತಾರೆ. ಸಾಮಾನ್ಯ ವಿಮೆಗೆ ಕನಿಷ್ಠ ಪಾವತಿ ಬಂಡವಾಳ 100 ಕೋಟಿ ರೂ., ಸಾಲ್ವೆನ್ಸಿ ಅನುಪಾತ (ಕ್ಲೇಮ್ ತೀರಿಸುವ ಶಕ್ತಿಯ ಅಳತೆ) 1.50 ಇರಬೇಕು. ಮೆಹರ್ಲ್‌ನ ಹಾಗೆ ಸದಸ್ಯತ್ವ ಶುಲ್ಕದಿಂದ ಶುರು ಮಾಡುವ ಕಾಲ ಇದಲ್ಲ. ರಸಗೊಬ್ಬರ ಸಹಕಾರಿ ಇಫ್ಕೋ 2000ದಲ್ಲಿ ಜಪಾನಿನ ಟೋಕಿಯೋ ಕಂಪನಿಯ ಜೊತೆ ಸೇರಿ ವಿಮೆಗೆ ಇಳಿದದ್ದು ಒಂದು ದಾರಿ. ಇನ್ನೊಂದು ನಮ್ಮದೇ ಯಶಸ್ವಿನಿ: 2003ರಲ್ಲಿ ಸಹಕಾರಿ ಸದಸ್ಯರಿಂದ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂ. ಕಟ್ಟಿಸಿಕೊಂಡು ಶಸ್ತ್ರಚಿಕಿತ್ಸೆ ಕೊಟ್ಟ ಯೋಜನೆ. ಅದನ್ನು ನಡೆಸಿದ್ದು ಟ್ರಸ್ಟ್, ವಿಮಾ ಕಂಪನಿ ಅಲ್ಲ, ಸರ್ಕಾರದ ಹಣವೂ ಅದರಲ್ಲಿತ್ತು. ಸದಸ್ಯರನ್ನು ಸೊಸೈಟಿಯ ಮೂಲಕವೇ ಸೇರಿಸಿದ್ದರಿಂದ ಮಾರುವ ಖರ್ಚು ಕಡಿಮೆ. ಸ್ಟೇಟ್ ಫಾರ್ಮ್‌ಗೆ ಹೋಲಿಸುವುದಿದ್ದರೆ ಆ ಒಂದು ಅಂಶವನ್ನಷ್ಟೇ ಹೋಲಿಸಿರಿ.