ಫೋರ್‌ವೀಲ್ ಡ್ರೈವ್ ಪಿಕಪ್ ತಗ್ಗಿಸಿದವರು ಇದ್ದೀರಾ? ಅನುಭವ ಹೇಳಿ

ಕೇಳಿದವರು: ಹಸಿಮಣ್ಣು
ಗಾಡಿ ಡಬಲ್ ಕ್ಯಾಬ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಉಕ್ಕಿನ ಸರಳು), ಹಿಂದೆ ಲೀಫ್ (ಪಟ್ಟಿ ಸ್ಪ್ರಿಂಗ್). ಅಮ್ಮನಿಗೆ ಮಂಡಿನೋವು, ಹತ್ತೋಕೆ ತುಂಬಾ ಕಷ್ಟ ಆಗ್ತಿದೆ. ಮುಂದೆ 2 ಇಂಚು, ಹಿಂದೆ 3 ಇಂಚು ಇಳಿಸೋಣ ಅಂತಿದೀನಿ. ವಾರಕ್ಕೆ ಎರಡು ಸಲ 300 ಕೆಜಿ ಹೊರೆ ಇರುತ್ತೆ. ಫೋರ್‌ವೀಲ್ ಕಳಕೊಳ್ಳೋಕೆ ಇಷ್ಟ ಇಲ್ಲ. ಮಾಡಿಸಿದವರು ದಯವಿಟ್ಟು ಹೇಳಿ.

ಗ್ರೀಸ್‌ಕೈ
ಮಾಡಬೇಡಿ. ನಾನು ಮಾಡಿ ಅನುಭವಿಸಿದೀನಿ.

ಟಾರ್ಷನ್ ಬಾರ್ ಅಂದ್ರೆ ಏನು ಮಹಾ, ಅದರ ಬಿಗಿ ಹಿಡಿಯೋ ಕೀ ಬೋಲ್ಟ್ ಸಡಿಲ ಮಾಡಿದ್ರೆ ಮೂತಿ ತಾನಾಗೇ ಇಳಿಯುತ್ತೆ, ಖರ್ಚೇ ಇಲ್ಲ ಅಂದ್ರು. ನಂಬಿದೆ. ಅರ್ಧ ಗಂಟೆ ಕೆಲಸ, ಎರಡೂವರೆ ಇಂಚು ಇಳೀತು. ಆಮೇಲೆ ನೋಡಿದ್ರೆ ಚಕ್ರ ಹಿಡಿಯೋ ಕೆಳಗಿನ ಆರ್ಮ್‌ಗೂ ಅದನ್ನ ತಡೆಯೋ ರಬ್ಬರ್ ಬಂಪ್ ಸ್ಟಾಪ್‌ಗೂ ಮಧ್ಯೆ ಉಳಿದಿದ್ದು 10 ಮಿಲಿಮೀಟರ್. ಪ್ರತಿ ಉಬ್ಬಿಗೂ ಸುತ್ತಿಗೆಯಲ್ಲಿ ಹೊಡೆದ ಹಾಗೆ ಸದ್ದು. ಬಂಪ್ ಸ್ಟಾಪ್ ಅರ್ಧ ಕೊಯ್ಸಿದೆ. ಆಗ ಶಾಕ್‌ಗಳೇ ತಳ ಮುಟ್ಟೋಕೆ ಶುರುವಾಯ್ತು, ಮೂರು ತಿಂಗಳಿಗೆ ಎರಡೂ ಎಣ್ಣೆ ಸೋರಿದ್ವು. ಗಿಡ್ಡ ಶಾಕ್ ತರಿಸಿದೆ. ಅಲೈನ್‌ಮೆಂಟ್ (ಚಕ್ರದ ಕೋನ ಸರಿಮಾಡೋದು) ನಾಲ್ಕು ಸಲ. ನಾಲ್ಕನೇ ಸಲ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲೋ ಕೋನ) ಸರಿಮಾಡೋ ಕ್ಯಾಮ್ ಕೊನೆ ಮುಟ್ಟಿದೆ, ಇನ್ನು ತಿರುಗಲ್ಲ ಅಂದ್ರು. 9,000 ಕಿಲೋಮೀಟರಿಗೆ ಮುಂದಿನ ಹೊಸ ಟೈರ್‌ಗಳ ಒಳಅಂಚು ತಂತಿ ಕಾಣೋಷ್ಟು ಸವೆದಿತ್ತು. ಹಿಂದಿನವೂ ಅರ್ಧ ಸವೆದಿದ್ದರಿಂದ ಎರಡು ಹಾಕಿ ಸುಮ್ಮನಾಗೋ ಹಾಗಿರಲಿಲ್ಲ, ನಾಲ್ಕೂ ಹಾಕಿಸಿದೆ. ಅದರ ಮೇಲೆ ಎಡಗಡೆ ಸಿವಿ ಬೂಟ್ (ಮುಂದಿನ ಆಕ್ಸಲ್ ಕೀಲಿನ ರಬ್ಬರ್ ಮುಸುಕು) ಹರಿದು ಗ್ರೀಸ್ ರಿಮ್ ಒಳಗೆಲ್ಲ ಚೆಲ್ಲಿತ್ತು. ಎರಡು ಶಾಕ್, ನಾಲ್ಕು ಟೈರ್, ಒಂದು ಆಕ್ಸಲ್, ನಾಲ್ಕು ಅಲೈನ್‌ಮೆಂಟ್. ಖರ್ಚೇ ಇಲ್ಲ ಅಂದಿದ್ದ ಕೆಲಸ ಇದು. ಈಗ ಕೀ ಬೋಲ್ಟ್ ಮೊದಲಿದ್ದ ಗುರುತಿಗೇ ವಾಪಸ್ ತಂದಿದೀನಿ.

ಉಕ್ಕಿನಪಟ್ಟಿ
ಅರ್ಧಂಬರ್ಧ ಮಾಡಿದ್ರೆ ಹಾಗೇ ಆಗೋದು. ನಂದು ಹಿಂದೆ 6 ಇಂಚು ಇಳಿದಿದೆ, ನಾಲ್ಕು ವರ್ಷದಿಂದ ಓಡ್ತಿದೆ.

ಲೀಫ್ ಆಕ್ಸಲ್ ಮೇಲೆ ಕೂತಿತ್ತು. ಫ್ಲಿಪ್ ಕಿಟ್ ಹಾಕಿ ಆಕ್ಸಲ್ಲನ್ನ ಲೀಫ್ ಮೇಲಕ್ಕೆ ತಂದೆ. ಆಕ್ಸಲ್ ಟ್ಯೂಬ್ ಹೋಗಿ ಚಾಸಿಗೆ ಬಡಿಯದ ಹಾಗೆ ಎರಡೂ ಕಡೆ ಸಿ-ನಾಚ್ (ಸಿ ಆಕಾರದ ಕಚ್ಚು) ಕೊಯ್ದು ದಪ್ಪ ಪ್ಲೇಟ್ ಬೆಸೆದೆ. ಎಲ್ಲ ನನ್ನ ಕೈಯಾರೆ, ಹನ್ನೊಂದು ಭಾನುವಾರ. ಮೊದಲ ಸಲ ಓಡಿಸಿದಾಗ 80ರ ವೇಗದಲ್ಲಿ ಸೀಟೆಲ್ಲ ನಡುಗ್ತಿತ್ತು, ಪಿನಿಯನ್ ಕೋನ (ಡ್ರೈವ್ ಶಾಫ್ಟ್ ಹಿಂದಿನ ಆಕ್ಸಲ್‌ಗೆ ಸೇರೋ ಕೋನ) ತಪ್ಪಿತ್ತು. ಬೆಣೆ ಹಾಕಿ ಓಡಿಸೋದು, ಬಿಚ್ಚೋದು, ಮತ್ತೆ ಬೇರೆ ಬೆಣೆ. ಮೂರನೇ ಸಲಕ್ಕೆ 2 ಡಿಗ್ರಿ ಬೆಣೆಯಲ್ಲಿ ನಡುಕ ನಿಂತಿತು. ಆಕ್ಸಲ್ಲನ್ನ ಲೀಫ್‌ಗೆ ಬಿಗಿಯೋ ಯು-ಬೋಲ್ಟ್ ಪ್ರತಿ ಸಲವೂ ಹೊಸದು. ಒಂದು ಸಲ ಬಿಗಿದು ಎಳೆದಿದ್ದನ್ನ ಮತ್ತೆ ಹಾಕಬಾರದು.

ಗ್ರೀಸ್‌ಕೈ ಅವರೇ, 9,000ಕ್ಕೆ ತಂತಿ ಕಂಡಿದ್ದು ಕ್ಯಾಂಬರ್‌ನಿಂದಲ್ಲ. ಎತ್ತರ ಬದಲಾದ್ರೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗೋ ಟೈ ರಾಡ್ ಕೋನ ಬದಲಾಗುತ್ತೆ, ಟೋ (ಚಕ್ರಗಳ ಮೂತಿ ಒಳಗೋ ಹೊರಗೋ ತಿರುಗಿರೋ ಅಳತೆ) ತಪ್ಪುತ್ತೆ. ಟೈರ್ ತಿಂದಿದ್ದು ಅದು. ನಾಲ್ಕು ಸಲ ದುಡ್ಡು ಕೊಟ್ಟು ಇದನ್ನ ಕೇಳಲೇ ಇಲ್ವಾ?

ಗ್ರೀಸ್‌ಕೈ
ಕೇಳಿದೀನಿ. ನಾಲ್ಕೂ ಸಲದ ಟೋ ಅಂಕಿ ಬರೆದಿಟ್ಟಿದೀನಿ, ಎಲ್ಲವೂ ಕಂಪನಿ ಕೊಟ್ಟ ಮಿತಿ ಒಳಗೇ ಇವೆ. ಎದುರಿಗೆ ಗಾಡಿ ಇಲ್ಲದೆ ತೀರ್ಪು ಕೊಡಬೇಡಿ. ನಿಮ್ಮದು 6 ಇಂಚು ಇಳಿದ ಮೇಲೆ ಯಾವತ್ತಾದ್ರೂ 300 ಕೆಜಿ ಹೊತ್ತಿದೆಯಾ? ಅವರು ಕೇಳಿರೋದು ಹೊರೆ ಹೊರೋ ಗಾಡಿ ಬಗ್ಗೆ.

ಉಕ್ಕಿನಪಟ್ಟಿ
ನಾನು ಹೊರೆಗೆ ಅಂತ ಇಟ್ಟಿಲ್ಲ. ಆದ್ರೆ ಮಾಡಬೇಡಿ ಅಂತ ಎಲ್ಲರನ್ನೂ ಹೆದರಿಸೋದು ತಪ್ಪು. 1991ರಲ್ಲಿ ಜಿಎಂಸಿ ಕಂಪನಿಯೇ ಸೈಕ್ಲೋನ್ ಅಂತ ತಗ್ಗಿನ ಪಿಕಪ್ ತಂದಿತ್ತು. 4.3 ಲೀಟರ್ ಟರ್ಬೊ ವಿ6, ನಾಲ್ಕೂ ಚಕ್ರಕ್ಕೆ ಶಕ್ತಿ.

ಗ್ರೀಸ್‌ಕೈ
ಅದು ಆಲ್‌ವೀಲ್ ಡ್ರೈವ್, ಮಧ್ಯೆ ಡಿಫರೆನ್ಷಿಯಲ್ ಇದೆ, ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬಹುದು. ಹೊರೆ ಮಿತಿ ಎಷ್ಟಿತ್ತು ಅಂತಲೂ ಹೇಳಿ. 500 ಪೌಂಡ್, 227 ಕೆಜಿ. ಪಿಕಪ್ ಅಂತ ಹೆಸರಿಟ್ಟುಕೊಂಡು!

ಮಳೆದಾರಿ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಇಷ್ಟೆಲ್ಲ ಬರೆದು ಬ್ರೇಕ್ ಬಗ್ಗೆ ಒಂದು ಮಾತಿಲ್ಲ. ನನಗೆ ಅದರಿಂದಲೇ ಜೀವ ಹೋಗ್ತಿತ್ತು.

ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗಿರುತ್ತೆ, ಅದರ ತುದಿಯಲ್ಲಿ ಲೋಡ್ ಸೆನ್ಸಿಂಗ್ ವಾಲ್ವ್. ಚಾಸಿ ಎಷ್ಟು ಕುಸಿದಿದೆ ಅಂತ ನೋಡಿ ಹಿಂದಿನ ಬ್ರೇಕ್‌ಗೆ ಒತ್ತಡ ಬಿಡೋದು ಅದರ ಕೆಲಸ. ಗಾಡಿ ತಗ್ಗಿಸಿದ್ರೆ ಖಾಲಿ ಇದ್ದಾಗಲೂ ಅದಕ್ಕೆ ಹೊರೆ ತುಂಬಿದ ಲೆಕ್ಕವೇ. ನಂದು 2 ಇಂಚು ಮಾತ್ರ ಇಳಿಸಿದ್ದು. ಮೊದಲ ಮಳೆಯಲ್ಲಿ, ಖಾಲಿ ಗಾಡಿ, ಸಾಧಾರಣ ಬ್ರೇಕ್. ಹಿಂದಿನ ಚಕ್ರ ಎರಡೂ ಕಚ್ಚಿಕೊಂಡು ಗಾಡಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಹಿಂದಿನ ಸೀಟಲ್ಲಿ ಮಗಳಿದ್ದಳು. ಇಳಿಸಿಕೊಟ್ಟ ಗ್ಯಾರೇಜಿನವನು ಆ ಸರಳನ್ನ ಮುಟ್ಟಿರಲೇ ಇಲ್ಲ, ಕೇಳಿದ್ರೆ ಟೈರ್ ಸರಿಯಿಲ್ಲ ಅಂದ.

ಉಕ್ಕಿನಪಟ್ಟಿ
ನನ್ನ ಗಾಡಿಗೆ ಎಬಿಎಸ್ ಇದೆ, ಆ ವಾಲ್ವೇ ಇಲ್ಲ. ಎಲ್ಲ ಗಾಡಿಗೂ ಇದೇ ಕಥೆ ಅಲ್ಲ.

ಮಳೆದಾರಿ
ಎಲ್ಲ ಗಾಡಿಗೂ ಅಂತ ನಾನೆಲ್ಲಿ ಹೇಳಿದೆ? ಇದೆಯೋ ಇಲ್ವೋ ಕೆಳಗೆ ಬಗ್ಗಿ ನೋಡಿ ಅಂತಿದೀನಿ. ಹನ್ನೊಂದು ಭಾನುವಾರದ ಕಥೆಯಲ್ಲಿ ಇದಕ್ಕೊಂದು ಸಾಲು ಜಾಗ ಇರಲಿಲ್ವಾ?

ಒಂಟಿಗೇರ್
ನಂದು ಬೇರೆ ತಪ್ಪು. ಮೂತಿ ತಗ್ಗಿ ಕಾಣಲಿ ಅಂತ ಮುಂದೆ ಮಾತ್ರ ಒಂದು ಅಳತೆ ಚಿಕ್ಕ ಟೈರ್ ಹಾಕಿಸಿದ್ದೆ. ಪಾರ್ಟ್‌ಟೈಮ್ ಫೋರ್‌ವೀಲ್, ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು. ಗಟ್ಟಿ ರಸ್ತೆಯಲ್ಲಿ ಮರೆತು 4ಎಚ್‌ನಲ್ಲೇ (ಫೋರ್‌ವೀಲ್ ಹಾಕಿಕೊಂಡೇ) ಹೋದೆ. ಒಂದೆರಡು ಕಿಲೋಮೀಟರಿಗೆ ಗಾಡಿ ಬಿಗಿದುಕೊಂಡಿತು, ಲಿವರ್ ಹೊರಗೆ ಬರಲ್ಲ. ಹಿಂದಕ್ಕೆ ಓಡಿಸಿ ಬಿಡಿಸಿಕೊಂಡೆ. ಮುಂದಿನ ಚಕ್ರಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್‌ನ ಚೈನ್ ಅವತ್ತಿಂದ ಸದ್ದು ಮಾಡ್ತಿತ್ತು, ಆರು ತಿಂಗಳಿಗೆ ಬದಲಾಯಿಸಿದೆ. ಆ ಒಂದು ಚೈನ್ ಬಿಲ್ಲು ನಾಲ್ಕು ಟೈರಿನ ಬಿಲ್ಲಿಗಿಂತ ದೊಡ್ಡದು.

ಗ್ರೀಸ್‌ಕೈ
ನಾನು ನಾಲ್ಕೂ ಯಾಕೆ ಹಾಕಿಸಿದೆ ಅಂತ ಈಗ ಗೊತ್ತಾಯ್ತಲ್ಲ, ಉಕ್ಕಿನಪಟ್ಟಿ ಅವರೇ?

ಉಕ್ಕಿನಪಟ್ಟಿ
ಅದನ್ನ ನಾನು ಪ್ರಶ್ನೆ ಮಾಡಿಯೇ ಇಲ್ಲ. ನಾನು ಹೇಳಿದ್ದು ಟೋ ಬಗ್ಗೆ, ಈಗಲೂ ಅದನ್ನೇ ಹೇಳ್ತೀನಿ.

ಹಸಿಮಣ್ಣು
ಎಲ್ಲರಿಗೂ ಧನ್ಯವಾದ. ಇವತ್ತು ಬಗ್ಗಿ ನೋಡಿದೆ. ಹಿಂದೆ ಆಕ್ಸಲ್‌ಗೂ ಲೀಫ್‌ಗೂ ಮಧ್ಯೆ ಕಂಪನಿಯೇ ಹಾಕಿದ ಬ್ಲಾಕ್ ಇದೆ, ಅಳೆದರೆ 38 ಮಿಲಿಮೀಟರ್. ಅದನ್ನ ತೆಗೆಸಿ ಗಿಡ್ಡ ಯು-ಬೋಲ್ಟ್ ಹಾಕಿಸ್ತೀನಿ. ಮುಂದೆ ಏನೂ ಮುಟ್ಟಲ್ಲ. ಅಮ್ಮನಿಗೆ ಬಾಗಿಲ ಕೆಳಗೆ ಒಂದು ಮೆಟ್ಟಿಲು ಕಟ್ಟಿಸ್ತೀನಿ. ಮಳೆದಾರಿ ಅವರೇ, ನೀವು ಹೇಳಿದ ಸರಳು ನನ್ನ ಗಾಡೀಲೂ ಇದೆ. ಏನು ಮಾಡಲಿ?

ಮಳೆದಾರಿ
ಬ್ಲಾಕ್ ತೆಗೆಯೋಕೆ ಮುಂಚೆ, ಗಾಡಿ ಖಾಲಿ, ಸಮತಟ್ಟು ನೆಲ, ಚಕ್ರ ನೆಲದ ಮೇಲೇ ಇರಲಿ. ವಾಲ್ವ್‌ನ ಲಿವರ್ ಯಾವ ಕೋನದಲ್ಲಿದೆ ಅಂತ ಫೋಟೊ ತೆಗೆದು, ಬಣ್ಣದಲ್ಲಿ ಗೆರೆ ಎಳೆದಿಡಿ. ತೆಗೆದ ಮೇಲೆ ಲಿವರ್ ಅದೇ ಗೆರೆಗೆ ಬರೋ ಹಾಗೆ ಸರಳು ಹಿಡಿಯೋ ಬ್ರಾಕೆಟ್ ಸರಿಸಬೇಕು. ಯು-ಬೋಲ್ಟ್ ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಸಿ. ಆ ಗೆರೆ ಎಳೆಯೋವಾಗ ನೀವೇ ಎದುರಿಗೆ ನಿಂತಿರಿ, ಮೆಕ್ಯಾನಿಕ್ ಮೇಲೆ ಬಿಡಬೇಡಿ.