ಗಣಿತ ಬಿಟ್ಟವರು ಎಕನಾಮೆಟ್ರಿಕ್ಸ್ ಕಲಿತದ್ದು ಹೇಗೆ?

ಗದಗದವಳು. ಬಿ.ಎ. ಮುಗಿಸಿ ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ.ಗೆ ಸೇರಿದ್ದೇನೆ. ಎಸ್‌ಎಸ್‌ಎಲ್‌ಸಿ ನಂತರ ಗಣಿತದ ಕಡೆ ತಿರುಗಿ ನೋಡಿಲ್ಲ. ಈಗ ಎಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ. ಹಲಗೆಯ ತುಂಬ ಸಿಗ್ಮಾ (Σ). ಮೊದಲು ಗಣಿತ ಕಲಿತು ಆಮೇಲೆ ಇದಕ್ಕೆ ಕೈ ಹಾಕಬೇಕೇ? ಅನುಭವಿಗಳು ತಿಳಿಸಿ.

ಹುಬ್ಬಳ್ಳಿಯಿಂದ:
ತಂಗಿ, ಆ ತಪ್ಪನ್ನು ನಾನು ಮಾಡಿದ್ದೇನೆ. ಕಲನಶಾಸ್ತ್ರ (ಕ್ಯಾಲ್ಕುಲಸ್) ಮುಗಿಸಿಯೇ ಬರುತ್ತೇನೆಂದು ಹೊರಟು ಎರಡು ತಿಂಗಳು ಕಳೆದೆ. ಮಿತಿ ಎಂಬ ಅಧ್ಯಾಯದಲ್ಲೇ ನನ್ನ ಮಿತಿ ತಿಳಿಯಿತು. ಸಿಗ್ಮಾ ಎಂದರೆ ‘ಎಲ್ಲವನ್ನೂ ಕೂಡಿಸು’ ಎಂಬ ಅಪ್ಪಣೆ, ಅಷ್ಟೇ. ಇವತ್ತು ರಾತ್ರಿ ಕಂಪ್ಯೂಟರ್ ಮುಟ್ಟದೆ ಒಂದು ಲೆಕ್ಕ ಮಾಡು. ಓದಿದ ಗಂಟೆ 1, 2, 3, 4, 5. ಬಂದ ಅಂಕ 3, 4, 6, 7, 10. ಸರಾಸರಿ 3 ಮತ್ತು 6. ಪ್ರತಿಯೊಂದರಿಂದ ಅದರ ಸರಾಸರಿ ಕಳೆ, ಜೋಡಿಗಳನ್ನು ಗುಣಿಸಿ ಕೂಡು: 17. ಗಂಟೆಗಳ ವ್ಯತ್ಯಾಸಗಳ ವರ್ಗ ಕೂಡು: 10. ಭಾಗಿಸಿದರೆ 1.7. ಒಂದು ಗಂಟೆ ಹೆಚ್ಚು ಓದಿದವರಿಗೆ ಸರಾಸರಿ 1.7 ಅಂಕ ಹೆಚ್ಚು. ರಿಗ್ರೆಷನ್ ಎಂದು ಹೆದರಿಸುವುದು ಇದನ್ನೇ. ಈ ಐದು ಜೋಡಿಗಳನ್ನು ಚುಕ್ಕಿಗಳಾಗಿ ಇಟ್ಟರೆ ಅವುಗಳ ನಡುವೆ ಹಾಯುವ ಗೆರೆಯ ಏರಿಕೆಯೇ ಆ 1.7. ಸೊನ್ನೆ ಗಂಟೆಯಲ್ಲಿ ಆ ಗೆರೆ ಎಷ್ಟು ಅಂಕದಿಂದ ಹೊರಡುತ್ತದೆ ಎಂಬುದನ್ನು ನೀನೇ ಕಂಡುಹಿಡಿ. ನಿಜವಾದ ಅಂಕದಿಂದ ಗೆರೆ ಹೇಳುವ ಅಂಕ ಕಳೆದು ಉಳಿದದ್ದನ್ನೆಲ್ಲ ಕೂಡಿದರೆ ಸೊನ್ನೆ ಬರಬೇಕು.

ಬ್ಯಾಡಗಿಯಿಂದ:
ಲೆಕ್ಕಕ್ಕಿಂತ ನನ್ನನ್ನು ಕಾಡಿದ್ದು ಅರ್ಥ. ಮೆಣಸಿನಕಾಯಿಯ ಆವಕ ಮತ್ತು ದರ ಹಾಕಿ ನೋಡಿದೆ. ಆವಕ ಹೆಚ್ಚಾದ ದಿನ ದರವೂ ಹೆಚ್ಚು! ಪುಸ್ತಕಕ್ಕೆ ತದ್ವಿರುದ್ಧ. ಅಪ್ಪನಿಗೆ ತೋರಿಸಿದರೆ ನಕ್ಕರು: “ದರ ಬಂದಿದೆ ಎಂದು ಗೊತ್ತಾದರೆ ತಾನೇ ಜನ ಚೀಲ ತರುವುದು?” ಯಾವುದು ಯಾವುದಕ್ಕೆ ಕಾರಣ ಎಂಬ ಪ್ರಶ್ನೆ, ಈ ವಿಷಯದ ಅರ್ಧ ತಲೆನೋವು, ನನಗೆ ಅಂದೇ ತಿಳಿಯಿತು. ಡಮ್ಮಿ ಚಲಕವೂ, ಅಂದರೆ ‘ಹೌದು’, ‘ಅಲ್ಲ’ ಎಂಬುದನ್ನು 1, 0 ಎಂದು ಬರೆಯುವ ಅಂಕಣವೂ, ಅಲ್ಲೇ ಸಿಕ್ಕಿತು: ಮೆಣಸಿನಕಾಯಿಯ ಡಬ್ಬಿ ತಳಿಗೆ 1, ಕಡ್ಡಿ ತಳಿಗೆ 0. ಎರಡಕ್ಕೂ ಬೇರೆ ಬೇರೆ ಡಮ್ಮಿ ಹಾಕಿದಾಗ ತಂತ್ರಾಂಶ ಒಂದನ್ನು ಕೈಬಿಟ್ಟಿತು. ಡಬ್ಬಿ ಅಲ್ಲದ್ದು ಕಡ್ಡಿಯೇ ಎಂದು ಅದಕ್ಕೆ ಮೊದಲೇ ಗೊತ್ತು. ಇಂಥ ಲೆಕ್ಕ ಮಾಡುವ ಗ್ರೆಟಲ್ (gretl) ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಪ್ರೋಗ್ರಾಮಿಂಗ್ ಬೇಡ.

ಧಾರವಾಡದಿಂದ:
ದಾಮೋದರ ಗುಜರಾತಿಯವರ ‘ಬೇಸಿಕ್ ಎಕನಾಮೆಟ್ರಿಕ್ಸ್’ ಗ್ರಂಥಾಲಯದಲ್ಲಿ ಸಿಕ್ಕರೆ ಹಿಂದಿನಿಂದ ತೆರೆಯಿರಿ. ಅನುಬಂಧದಲ್ಲಿ ಬೇಕಾದ ಸಂಖ್ಯಾಶಾಸ್ತ್ರವಿದೆ. ಆದರೆ ಗಣಿತವೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಲಕಗಳು (ಗಂಟೆ, ದರದಂಥ ಬದಲಾಗುವ ಅಳತೆಗಳು) ಹೆಚ್ಚಾದಂತೆ ಮ್ಯಾಟ್ರಿಕ್ಸ್, ಅಂದರೆ ಸಾಲು-ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಗಣಿತ, ಬಾಗಿಲು ತಟ್ಟುತ್ತದೆ. ಆಗ ಕಲಿತರಾಯಿತು.

ಗದಗದವಳು:
ಹುಬ್ಬಳ್ಳಿಯ ಅಣ್ಣ, ಲೆಕ್ಕ ಮಾಡಿದೆ. ಕೊನೆಯ ಮೊತ್ತ ಸೊನ್ನೆ ಬರಲಿಲ್ಲ, ಮೈನಸ್ 0.5 ಬಂತು. ಮೂರು ಸಲ ಮಾಡಿದರೂ ಅದೇ.

ಹುಬ್ಬಳ್ಳಿಯಿಂದ:
ಗೆರೆ ಹೊರಡುವುದು 0.9ರಿಂದ: ಸರಾಸರಿ ಅಂಕ 6ರಿಂದ 1.7 × 3 ಕಳೆ. ಅದನ್ನು 1 ಎಂದು ಹಿಡಿದಿದ್ದೀಯ. ಐದು ಸಾಲಿಗೂ 0.1 ಸಾಲ ಬಿದ್ದಿದೆ, ನೋಡು.